ಆಸ್ಪತ್ರೆಗೆ ಒಯ್ಯಬಾರದ ಕಾಯಿಲೆ

ಡುಫಿಯವ್ವನ ಕೈಯಲ್ಲಿ ನೀರು ಹಾಕಿಸಿಕೊಳ್ಳದೆ ದೊಡ್ಡವರಾದವರು ಆ ಊರಲ್ಲಿ ಯಾರಾದರೂ ಇದ್ದರೆ ಅವರು ಹೊರಗಿನಿಂದ ಬಂದವರೇ ಇರಬೇಕು. ಊರ ಮುಖಂಡನಿಂದ ಹಿಡಿದು ಗೋಡಂಬಿ ಮೂಟೆ ಹೊರುವವರ ತನಕ ಎಲ್ಲರೂ ಒಂದು ಕಾಲದಲ್ಲಿ ಅವಳ ನೀಡಿದ ಕಾಲುಗಳ ಮೇಲೆ ಬೋರಲು ಬಿದ್ದು ಕಿರುಚಿದವರೇ. ಚರ್ಚಿನ ಹಿರಿಯನೊಬ್ಬ ಒಮ್ಮೆ ಟೆಚಿಮಾನ್ ಪಟ್ಟಣದ ಸಂತೆಯಲ್ಲಿ ಅವಳಿಗೆ ಬುದ್ಧಿ ಹೇಳಲು ಬಂದಾಗ, "ನಿನ್ನ ತಿಕ ತೊಳ್ದೋಳು ನಾನು, ನನ್ನ ಮುಂದೆ ದೊಡ್ಡಸ್ತಿಕೆ ಬೇಡ" ಎಂದುಬಿಟ್ಟಿದ್ದಳು. ಪಾಪ, ಅವನು ಗೆಣಸಿನ ಚೀಲ ಹೆಗಲಿಗೇರಿಸಿಕೊಂಡು ತೆಪ್ಪಗೆ ಹೋದ.

ಹಾಗೆಂದು ಅವಳೇನು ಸಕಲಗುಣಸಂಪನ್ನೆಯಲ್ಲ. ಹೊಲದ ಕೆಲಸವೆಂದರೆ ಮೈಗಳ್ಳಿ. ಅವಳು ಮಾಡಿದ ಸಾರನ್ನು ಅವಳ ಮಗಳೇ ಮುಖ ಹಿಂಡಿಕೊಂಡು ಉಣ್ಣುತ್ತಿದ್ದಳು. ಗಂಡನ ಜೊತೆಗಿನ ಬಾಳುವೆ ಒಗ್ಗದೆ ತವರಿಗೆ ಬಂದು ಕೂತವಳು ಮತ್ತೆ ಹೋಗಲಿಲ್ಲ. ಆದರೆ ಹಸುಗೂಸು ಕೈಗೆ ಬಂತೆಂದರೆ ಅವಳು ಬೇರೆಯೇ ಹೆಂಗಸು. ಗಿಡ್ಡ ಮಣೆಯ ಮೇಲೆ ಕೂತು, ಕಪ್ಪು ಸೋಪಿನ ನೊರೆ ಎಬ್ಬಿಸಿ, ನಾರಿನ ಉಂಡೆಯಲ್ಲಿ ಮೈ ಉಜ್ಜಿ, ಕೈಕಾಲು ಅಡ್ಡಡ್ಡ ಎಳೆದು, ಬಿಸಿ ಬಟ್ಟೆ ಒತ್ತಿ ತಲೆ ದುಂಡಗೆ ಮಾಡಿ, ಕೊನೆಗೆ ಶಿಯಾ ಬೀಜದ ಬೆಣ್ಣೆ ಸವರಿ ಮಲಗಿಸಿದರೆ ಕೂಸು ಸಂಜೆ ತನಕ ಮಿಸುಕುತ್ತಿರಲಿಲ್ಲ.

ನೀರು ಹಾಕುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಅದು ನೋಡುವ ಕೆಲಸ. ಕೂಸಿಗೆ ಅಸ್ರಾಮ್ ಹಿಡಿದಿದೆಯೋ ಇಲ್ಲವೋ ಎಂದು ನೋಡಿ ಹೇಳಬೇಕಾದವಳು ನೀರು ಹಾಕುವವಳೇ. ಅಸ್ರಾಮ್ ಹಿಡಿದರೆ ಹೊಟ್ಟೆಯ ಮೇಲೆ ಹಸಿರು ನರ ಎದ್ದು ಕಾಣುತ್ತದೆ, ನೆತ್ತಿ ತಪತಪ ಹೊಡೆದುಕೊಳ್ಳುತ್ತದೆ, ಮೈ ಕಾಯುತ್ತದೆ, ಕೂಸು ಹಾಲು ಬಿಟ್ಟು ಎಡೆಬಿಡದೆ ಅಳುತ್ತದೆ. ಬಸುರಿಯಾದವಳು ಸಂತೆಯಲ್ಲಿ ಎಲ್ಲರೆದುರು ತಿಂದಾಗ, ಹೊಟ್ಟೆಕಿಚ್ಚಿನವರ ಕಣ್ಣು ಬಿದ್ದು ಅದು ಒಳಗಿಳಿಯುತ್ತದಂತೆ. ಅದಕ್ಕೆ ತೊಗಟೆ ಬೇಯಿಸಿದ ನೀರಿನ ಸ್ನಾನ, ಬೇರಿನ ಕಷಾಯ, ಇಷ್ಟೇ ಮದ್ದು. ಆಸ್ಪತ್ರೆಗೆ ಮಾತ್ರ ಒಯ್ಯಕೂಡದು. ಅಸ್ರಾಮ್ ಹಿಡಿದ ಕೂಸಿಗೆ ಸೂಜಿ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ಡುಫಿಯವ್ವನ ತಾಯಿಯೂ, ತಾಯಿಯ ತಾಯಿಯೂ ಇದನ್ನೇ ಹೇಳಿದವರು. ಕೂಸಿನ ಹೊಟ್ಟೆಯನ್ನು ಬೆಳಕಿಗೆ ಹಿಡಿದು ಅವಳು "ಇದು ಮನೇದು" ಎಂದರೆ ಮನೆಯ ಕಾಯಿಲೆ, "ಇದು ಆಸ್ಪತ್ರೇದು" ಎಂದರೆ ಆಸ್ಪತ್ರೆಯ ಕಾಯಿಲೆ. ಅದಕ್ಕೆ ಎರಡು ಮಾತಿರಲಿಲ್ಲ.

ಅಂಥವಳ ಒಬ್ಬಳೇ ಮಗಳು ಪೊಕುವಾ ಹೆರಿಗೆಗೆಂದು ತಾಯಿಯ ಮನೆಗೆ ಬಂದಳು. ಮದುವೆಯಾಗಿ ಎಷ್ಟೋ ವರ್ಷ ಹೊಟ್ಟೆ ನಿಲ್ಲದೆ, ಅತ್ತೆ ಮನೆಯವರ ಚುಚ್ಚುಮಾತು ನುಂಗಿ ನುಂಗಿ, ಕೊನೆಗೆ ನಿಂತ ಬಸಿರು ಅದು. ಗಂಡ ಅಡೊಮಾಕೊ ಪಟ್ಟಣದಲ್ಲಿ ಆಟೊ ಓಡಿಸುವವನು. ಒಳ್ಳೆಯವನೇ, ಆದರೆ ಅತ್ತೆಯೆಂದರೆ ಅವನಿಗೆ ಗಡಗಡ. ಬಸುರಿಯರಿಗೆ ತಪಾಸಣೆಯಲ್ಲಿ ಕೊಡುವ ಸೊಳ್ಳೆಪರದೆಯನ್ನು ಪೊಕುವಾ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು. ಕೂಸು ಹುಟ್ಟಿದ ದಿನ ಅದನ್ನು ತೆಗೆದು ಮೂಲೆಯಲ್ಲಿ ಕಟ್ಟಿಸಿದಳು. ಹೊಸ ಪರದೆ, ಬೆಳ್ಳಗೆ, ಮದುವಣಗಿತ್ತಿಯ ಹಾಗಿತ್ತು. ಒಂದು ಸೊಳ್ಳೆಯೂ ಒಳಗೆ ಸುಳಿಯದ ಹಾಗೆ ಅಂಚನ್ನೆಲ್ಲ ಚಾಪೆಯಡಿ ಸಿಕ್ಕಿಸಿದಳು.

ಹೆಣ್ಣು ಕೂಸು. ಸಣ್ಣದು, ಆದರೆ ಗಟ್ಟಿ ಗಂಟಲಿನದು. ಶುಕ್ರವಾರ ಹುಟ್ಟಿದ್ದಕ್ಕೆ ಅಫಿಯ ಎಂಬ ವಾರದ ಹೆಸರು ತಾನಾಗಿ ಬಂತು. ಅದು ಬರೀ ಗುರುತು, ಹೆಸರಲ್ಲ. ಎಂಟನೆಯ ದಿನ ಅಂಗಳಕ್ಕೆ ತಂದು, ನಾಲಿಗೆಗೆ ನೀರು ಮುಟ್ಟಿಸಿ, ಹೆಂಡ ಮುಟ್ಟಿಸಿ, ಅಪ್ಪ ಹೆಸರು ಹಿಡಿದು ಕರೆದ ಮೇಲೆಯೇ ಅದು ಮನೆಯ ಮನುಷ್ಯ. ಅಲ್ಲಿಯ ತನಕ ಬಂದ ನೆಂಟ. ಮನಸ್ಸಾದರೆ ಉಳಿಯುತ್ತದೆ, ಇಲ್ಲವಾದರೆ ಹೊರಡುತ್ತದೆ. ಅದನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ.

ಸೋಮವಾರ ಬೆಳಗ್ಗೆ ನೀರು ಹಾಕುವಾಗ ಡುಫಿಯವ್ವನ ಕೈಗೆ ಬಿಸಿ ತಟ್ಟಿತು. ನೀರಿನದೇ ಇರಬೇಕೆಂದುಕೊಂಡು ತಣ್ಣೀರು ಬೆರೆಸಿದಳು. ಬಿಸಿ ಹೋಗಲಿಲ್ಲ. ಹಾಲಿಗೆ ಹಿಡಿದರೆ ಕೂಸು ಎರಡು ಸಲ ಚೀಪಿ ಮುಖ ತಿರುಗಿಸಿತು. ಅವಳು ಬಾಗಿಲ ಬೆಳಕಿಗೆ ಅದರ ಹೊಟ್ಟೆ ಹಿಡಿದು ನೋಡಿದಳು. ಹಸಿರು ನರ ಇತ್ತು. ಎಷ್ಟೋ ಕೂಸುಗಳ ಹೊಟ್ಟೆಯಲ್ಲಿ ನೋಡಿದ್ದೇ, ಆದರೂ ಇವತ್ತು ಎರಡೆರಡು ಸಲ ತಿರುಗಿಸಿ ನೋಡಿದಳು.

"ಏನವ್ವ?" ಎಂದಳು ಪೊಕುವಾ.

"ಸಂತೇಲಿ ಏನಾದ್ರು ತಿಂದಿದ್ಯಾ ನೀನು, ಬಸುರೀಲಿ?"

ತಿನ್ನದೆ ಯಾರಿದ್ದಾರೆ? ಹುರಿದ ಬಾಳೆಕಾಯಿಯ ವಾಸನೆಗೆ ಬಸುರಿಯ ಬಾಯಲ್ಲಿ ನೀರೂರದೆ ಇರುತ್ತದೆಯೇ? "ಒಂದ್ಸಲ," ಎಂದಳು ಪೊಕುವಾ.

"ಇದು ಮನೇದು," ಎಂದಳು ಡುಫಿಯವ್ವ.

ತೊಗಟೆ ತರಲು ಪಕ್ಕದ ಮನೆಯ ಫೊಸುವಾ ಓಡಿದಳು. ಫೊಸುವಾ ಇಪ್ಪತ್ತು ದಾಟಿದ ಹೆಂಗಸು, ಡುಫಿಯವ್ವನ ಬೆನ್ನಿಗೆ ಬಿದ್ದು ನೀರು ಹಾಕುವುದನ್ನು ಕಲಿಯುತ್ತಿದ್ದವಳು. ಹೋದ ಮಳೆಗಾಲದಲ್ಲಿ ಅವಳ ಚೊಚ್ಚಲ ಗಂಡು ಕೂಸು ಇದೇ ಕಾಯಿಲೆಯಲ್ಲಿ, ಡುಫಿಯವ್ವನ ಕೈಯಲ್ಲೇ ಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಮುದುಕಿಯ ಮುಖ ನೋಡುತ್ತಿರಲಿಲ್ಲ. ಫೊಸುವಾ ಹಾಗಲ್ಲ. "ದೊಡ್ಡವ್ವ ಇದ್ದಿದ್ದಕ್ಕೆ ಅಷ್ಟು ದಿನನಾದ್ರು ಇತ್ತು," ಎನ್ನುತ್ತಿದ್ದಳು. ಅವಳೇ ತೊಗಟೆ ಕೆತ್ತಿ ತಂದಳು, ಅವಳೇ ಕಪ್ಪು ಮಡಕೆಗೆ ಹಾಕಿ ಕುದಿಸಿದಳು, ಅವಳೇ ಸೆರಗಿನಲ್ಲಿ ಸೋಸಿ ಬಟ್ಟಲಿಗೆ ಬಿಟ್ಟಳು.

ಬೆಳಗ್ಗೆ ಸಂಜೆ ಕಂದು ನೀರು ಎರೆದಾಯಿತು. ಕಷಾಯದ ಹನಿ ನಾಲಿಗೆಗೆ ಬಿಟ್ಟಾಯಿತು. ಜ್ವರ ಸ್ವಲ್ಪ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಡುಫಿಯವ್ವ ಪರದೆಯ ಪಕ್ಕ ಕೂತು ಗಳಿಗೆಗೊಮ್ಮೆ ಒಳಗೆ ಕೈ ಹಾಕಿ ಮುಟ್ಟಿ ನೋಡುವಳು, ಕೈ ಎಳೆದುಕೊಳ್ಳುವಳು. ಯಾರಾದರೂ ಮಾತಾಡಿಸಿದರೆ ಮೈಮೇಲೆ ಹೋಗುವಳು.

ಮಂಗಳವಾರ ಅಡೊಮಾಕೊ ಆಟೊ ತಂದು ಅಂಗಳದಲ್ಲೇ ನಿಲ್ಲಿಸಿದ. ಒಳಗೆ ಬಂದು ಕೂಸಿನ ಮುಖ ನೋಡಿದವನೇ ಅತ್ತೆಯ ಕಡೆ ತಿರುಗಿದ.

"ಅತ್ತೆ, ದೊಡ್ಡಾಸ್ಪತ್ರೆಗೆ ಹೋಗಿಬರೋಣ. ದೂರ ಏನಿಲ್ಲ, ನಾನೇ ಕರ್ಕೊಂಡು ಹೋಗ್ತೀನಿ."

"ನೆಂಟನ್ನ ಎಂಟು ದಿನದೊಳಗೆ ಹೊರಗೆ ತೆಗೀತಾರಾ? ನಿಮ್ಮವ್ವ ನಿನ್ನ ತೆಗ್ದಿದ್ಲಾ?"

"ಹೆಸ್ರಿಡೋ ತನಕ ಇರ್ಬೇಕಲ್ಲ ಅತ್ತೆ ಅದು."

"ಬಾಯಿ ಬಿಡ್ಬೇಡ. ಸೂಜಿ ಬಿದ್ರೆ ಏನಾಗುತ್ತೆ ಗೊತ್ತಾ ನಿಂಗೆ? ಆಟೊ ಓಡ್ಸೋನು ಆಟೊ ಓಡ್ಸು."

ಅವನು ಹೆಂಡತಿಯ ಕಡೆ ನೋಡಿದ. ಪೊಕುವಾ ನೆಲ ನೋಡಿದಳು. ಗಂಡನ ಮಾತು ಕೇಳಲೋ, ತಾಯಿಯ ಮಾತು ಕೇಳಲೋ, ಅವಳಿಗೆ ತಲೆ ಕೆಟ್ಟುಹೋಗಿತ್ತು. ತಾಯಿಯ ಮನೆಯಲ್ಲಿ ಹೆತ್ತ ಮೇಲೆ ಮಾತು ತಾಯಿಯದು. ಅಡೊಮಾಕೊ ಹೊರಗೆ ಹೋಗಿ ಆಟೊದ ಸೀಟಿನ ಮೇಲೆ ಕೂತ. ಪಟ್ಟಣಕ್ಕೆ ಹಿಂದಿರುಗಲೂ ಇಲ್ಲ, ಇನ್ನೊಂದು ಮಾತು ಆಡಲೂ ಇಲ್ಲ. ಅವನು ಹಾಗೆ ಸುಮ್ಮನೆ ಕೂತದ್ದೇ ಡುಫಿಯವ್ವನ ಬೆನ್ನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಬುಧವಾರ ಬೆಳಗ್ಗೆ ಅವಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕಂದು ನೀರು ಎರೆದಳು. ಎರೆದು ಕೈ ತಡೆದಳು. ಇಷ್ಟು ವರ್ಷಗಳಲ್ಲಿ ಅವಳ ಕಾಲ ಮೇಲೆ ಬಿದ್ದ ಕೂಸು ನೀರು ಬಿದ್ದಾಗ ಅಳದೆ ಇದ್ದದ್ದಿಲ್ಲ. ಇದು ಅಳಲಿಲ್ಲ. ಅಸ್ರಾಮ್ ಆದರಂತೂ ಮನೆ ಹಾರಿಹೋಗುವ ಹಾಗೆ ಅಳಬೇಕು. ಇದು ಕಣ್ಣು ಅರೆ ತೆರೆದು ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಕಣ್ಣಿನ ಬಿಳುಪು ಅರಿಶಿನವಾಗಿತ್ತು. ಅಂಗೈ ತಿರುಗಿಸಿ ನೋಡಿದರೆ ರಕ್ತವೇ ಇಲ್ಲ.

"ಪೊಕುವಾ, ಟವಲು ಕೊಡೇ," ಎಂದಳು. ಉತ್ತರವಿಲ್ಲ. ತಿರುಗಿ ನೋಡಿದರೆ ಮಗಳು ಚಾಪೆಯ ಮೇಲೆ ಮುದುಡಿ, ಎರಡು ಹೊದಿಕೆ ಹೊದ್ದು, ಹಲ್ಲು ಕಟಕಟ ಕಡಿಯುತ್ತ ನಡುಗುತ್ತಿದ್ದಳು. ಡುಫಿಯವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅವಳ ಹತ್ತಿರ ಹೋಗಿ ಹಣೆ ಮುಟ್ಟಿದಳು. ಒಂದು ಕೈ ಮಗಳ ಹಣೆಯ ಮೇಲೆ, ಒಂದು ಕೈ ಕೂಸಿನ ಬೆನ್ನ ಮೇಲೆ. ಒಂದೇ ಬಿಸಿ.

"ಬಸುರೀಲೂ ಹಿಂಗೇ ಬಂದಿತ್ತವ್ವ," ಎಂದಳು ಪೊಕುವಾ ನಡುಗುತ್ತಲೇ. "ಕೊನೇ ತಿಂಗಳು. ಬಂದು ಹೋಯ್ತು. ಮಲೇರಿಯಾ ಅಲ್ವಾ, ಎಲ್ಲಾರ್ಗೂ ಬರುತ್ತೆ ಅಂತ ಹೇಳ್ಲಿಲ್ಲ."

ಮಲೇರಿಯಾ. ಅದು ಆಸ್ಪತ್ರೆಯ ಕಾಯಿಲೆ. ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಮಗಳಿಗೆ ಮಾತ್ರೆ ತರಿಸಲು ಡುಫಿಯವ್ವ ಒಂದು ಗಳಿಗೆಯೂ ಹಿಂದೆ ಮುಂದೆ ನೋಡುವವಳಲ್ಲ. ಆದರೆ ಈ ಕೂಸು ಮೊನ್ನೆ ತನಕ ಇವಳ ಹೊಟ್ಟೆಯೊಳಗೇ ಇತ್ತಲ್ಲ. ಇವಳ ರಕ್ತವನ್ನೇ ಕುಡಿದು ಬೆಳೆದದ್ದಲ್ಲವೇ? ತಾಯಿಯದು ಆಸ್ಪತ್ರೆಯದಾದರೆ ಕೂಸಿನದು ಮನೆಯದು ಹೇಗಾಗುತ್ತದೆ? ಅವಳು ನಡು ಮನೆಯಲ್ಲಿ ನಿಂತೇ ಇದ್ದಳು.

"ಅಡೊಮಾಕೊ," ಎಂದು ಕೂಗಿದಳು ಕೊನೆಗೆ. "ಗಾಡಿ ತಿರುಗ್ಸು."

ಕಷಾಯದ ಬಟ್ಟಲು ಹಿಡಿದು ಒಳಗೆ ಬರುತ್ತಿದ್ದ ಫೊಸುವಾ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ದೊಡ್ಡವ್ವ?"

"ಆಸ್ಪತ್ರೆಗೆ."

"ಸೂಜಿ ಹಾಕ್ತಾರೆ."

"ಹಾಕ್ಲಿ."

"ಸೂಜಿ ಬಿದ್ರೆ ಹೋಗ್ಬಿಡುತ್ತೆ ಅಂತ ನೀನೇ ಹೇಳಿದ್ದು. ನಾನು ಮಗನ್ನ ಎತ್ಕೊಂಡು ಆಸ್ಪತ್ರೆಗೆ ಹೊರಟಾಗ ನಮ್ಮ ಬಾಗ್ಲಲ್ಲಿ ಹಿಂಗೇ ನಿಂತು ನನ್ನ ಕೈ ಹಿಡಿದು ಎಳೆದೆ."

ಡುಫಿಯವ್ವ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. "ಪೊಕುವಾನ ಹಿಡ್ಕೋ," ಎಂದಳು ಅಷ್ಟೇ. "ಅವಳು ನೆಟ್ಟಗೆ ಕೂರಕ್ಕಾಗಲ್ಲ." ಫೊಸುವಾ ಬಟ್ಟಲು ಕೆಳಗಿಟ್ಟು ಪೊಕುವಾಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

ಆಟೊ ನೀರಿನ ಪಂಪಿನ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಕೊಡಗಳ ಸಾಲು, ಹೆಂಗಸರ ಸಾಲು. ಮೇಕೆಗಳು ಅಡ್ಡ ಬಂದು ಆಟೊ ನಿಂತಿತು.

"ಡುಫಿಯವ್ವ, ಬಟ್ಟೆಯೊಳಗೆ ಏನು, ಸಂತೆಗೆ ಕೋಳಿನಾ?" ಎಂದು ಒಬ್ಬಳು ಕೇಳಿದಳು. ಉಳಿದವರು ನಕ್ಕರು.

ಬಚ್ಚಿಟ್ಟುಕೊಂಡೇ ಹೋಗಬಹುದಿತ್ತು. ಕೋಳಿಯೇ ಎಂದಿದ್ದರೆ ಆಗುತ್ತಿತ್ತು. "ಮೊಮ್ಮಗಳು," ಎಂದಳು ಡುಫಿಯವ್ವ. "ಜ್ವರ. ಆಸ್ಪತ್ರೆಗೆ ಒಯ್ತಿದೀನಿ."

ನಗು ನಿಂತಿತು. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರ ಕೂಸುಗಳ ಹೊಟ್ಟೆಯನ್ನು ಅವಳು ಬೆಳಕಿಗೆ ಹಿಡಿದಿರಲಿಲ್ಲ! ಒಬ್ಬಳು ಮೇಕೆಗಳನ್ನು ಓಡಿಸಿ ದಾರಿ ಬಿಡಿಸಿದಳು. ಬೈದಿದ್ದರೆ ಡುಫಿಯವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

ದಾರಿಯುದ್ದಕ್ಕೂ ಗುಂಡಿ. ಅಡೊಮಾಕೊ ಜೋರಾಗಿ ಓಡಿಸಿದರೆ ಕೂಸು ಕುಲುಕುತ್ತದೆ, ನಿಧಾನ ಮಾಡಿದರೆ ಉಸಿರು ಎಲ್ಲಿ ನಿಲ್ಲುತ್ತದೋ ಎಂಬ ಹೆದರಿಕೆ. ಡುಫಿಯವ್ವ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಳು. ಉಸಿರು ತಾಗಿದಾಗ ತಾನೂ ಉಸಿರು ಬಿಡುವಳು. ಗೋಡಂಬಿ ತೋಟಗಳು ಮುಗಿದು ತಗಡಿನ ಅಂಗಡಿಗಳು ಬಂದಾಗ ಒಂದು ಸಲ ಬೆರಳಿಗೆ ಏನೂ ತಾಗಲಿಲ್ಲ. ಅವಳು ಕೂಸನ್ನು ಅಲ್ಲಾಡಿಸಿದಳು. ಅದು ಸಣ್ಣಗೆ ಬಿಕ್ಕಿತು.

ಆಸ್ಪತ್ರೆಯಲ್ಲಿ ಸಿಸ್ಟರ್ ಬಟ್ಟೆ ಬಿಚ್ಚಿದವಳೇ ಕೂಸಿನ ಮೈಯ ಕಂದು ಬಣ್ಣ ನೋಡಿದಳು, ಮೂಸಿದಳು. ಸುಳ್ಳು ಹೇಳಬೇಕೆಂದು ದಾರಿಯಲ್ಲೇ ಡುಫಿಯವ್ವ ಮಾತು ಜೋಡಿಸಿಕೊಂಡಿದ್ದಳು.

"ಏನು ಕುಡಿಸಿದ್ರಿ ಅಜ್ಜಿ?"

"ಬೇರಿನ ಕಷಾಯ. ಸೋಮವಾರದಿಂದ," ಎಂದುಬಿಟ್ಟಳು. ಯಾವ ಬೇರು, ಎಷ್ಟು ಹನಿ, ಎಲ್ಲ ಹೇಳಿದಳು. ಸಿಸ್ಟರ್ ಬೈಯಲಿಲ್ಲ, ಕೂಸಿನ ಹಿಮ್ಮಡಿ ಒತ್ತಿ ರಕ್ತ ತೆಗೆದಳು, ಪೊಕುವಾಳ ಬೆರಳಿಂದಲೂ ತೆಗೆದಳು. ಕಾಯಲು ಹೇಳಿದಳು.

ಕಾಯುವುದಿದೆಯಲ್ಲ, ಅದರಷ್ಟು ಕೆಟ್ಟದ್ದು ಯಾವುದೂ ಇಲ್ಲ. ಬೆಂಚಿನ ಮೇಲೆ ಪೊಕುವಾ ಫೊಸುವಾಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅಡೊಮಾಕೊ ಹೊರಗೂ ಒಳಗೂ ಸುತ್ತುತ್ತಿದ್ದ. ಡುಫಿಯವ್ವ ಒಳಗೊಳಗೇ ದೇವರ ಹತ್ತಿರ ಜಗಳವಾಡುತ್ತಿದ್ದಳು. ನಾನು ತಪ್ಪಿದ್ದರೆ ನನ್ನನ್ನು ಕರೆದುಕೋ, ಇದನ್ನು ಯಾಕೆ ಎಂದು. ಇದು ಅಸ್ರಾಮೇ ಆಗಿದ್ದರೆ? ನನ್ನ ಕೈಯಾರೆ ಸೂಜಿಗೆ ತಂದು ಒಡ್ಡಿದ ಹಾಗಾಯಿತಲ್ಲ ಎಂದು.

ಸಿಸ್ಟರ್ ಬಂದಳು. "ಇಬ್ಬರ ರಕ್ತದಲ್ಲೂ ಮಲೇರಿಯಾ ಇದೆ. ಕೂಸಿಗೆ ಜಾಸ್ತಿನೇ ಇದೆ. ಈಗ್ಲೇ ಇಂಜೆಕ್ಷನ್ ಶುರು ಮಾಡ್ಬೇಕು."

"ಸೊಳ್ಳೆ ಕಚ್ಚಿಲ್ಲ ಸಿಸ್ಟರ್," ಎಂದು ಪೊಕುವಾ ತಲೆ ಎತ್ತಿದಳು. "ಹುಟ್ಟಿದಾಗಿಂದ ಪರದೆ ಒಳಗೇ ಇದೆ."

"ನೀನು ಮಲಗ್ತಿದ್ಯಾ ಪರದೆ ಒಳಗೆ, ಬಸುರೀಲಿ?"

"ಕೂಸಿಗೆ ಅಂತ ಎತ್ತಿಟ್ಟಿದ್ದೆ. ಹೊಸದಾಗೇ ಇರ್ಲಿ ಅಂತ."

"ಕೂಸಿಗೆ ಕಚ್ಚಬೇಕಂತಿಲ್ಲಮ್ಮ. ನಿನಗೆ ಕಚ್ಚಿದ್ದೇ ಅದಕ್ಕೂ ಇಳಿದಿದೆ," ಎಂದಳು ಸಿಸ್ಟರ್. ಪೊಕುವಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಅಜ್ಜಿ, ಇಲ್ಲಿ ಬನ್ನಿ. ಕಾಲು ಹಿಡ್ಕೊಳ್ಳಿ, ಅಲುಗಾಡ್ಬಾರ್ದು."

ಹಿಡಿಯಬೇಕಾದವಳು ಡುಫಿಯವ್ವನೇ. ಪೊಕುವಾಳಿಗೆ ನಿಲ್ಲಲು ತ್ರಾಣವಿಲ್ಲ, ಅಡೊಮಾಕೊ ಸೂಜಿ ನೋಡಿದ್ದೇ ಹೊರಗೆ ಓಡಿದ್ದ. ಫೊಸುವಾ ಗೋಡೆಗೆ ಒರಗಿ ನೋಡುತ್ತಿದ್ದಳು. ಡುಫಿಯವ್ವ ತನ್ನ ಅಗಲವಾದ ಅಂಗೈಯಲ್ಲಿ ಆ ಪುಟ್ಟ ತೊಡೆಯನ್ನು ಹಿಡಿದಳು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಮುಚ್ಚಲಾಗಲಿಲ್ಲ. ಸೂಜಿ ಒಳಗೆ ಹೋಯಿತು. ಕೂಸು ಅಳಲಿಲ್ಲ. ಸತ್ತಿತು ಎಂದುಕೊಂಡಳು. ಸೂಜಿ ಹೊರಗೆ ಬಂತು. ಆಗ ಅದರ ಬಾಯಿ ಮೆಲ್ಲಗೆ ಸೊಟ್ಟಗಾಗಿ ಬೆಕ್ಕಿನ ಮರಿಯಂಥ ದನಿ ಬಂತು. ಡುಫಿಯವ್ವ ಸೂಜಿ ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು.

"ಈಗ್ಲೇ ಏನೂ ಹೇಳಕ್ಕಾಗಲ್ಲ," ಎಂದಳು ಸಿಸ್ಟರ್. "ಹಾಲು ಕುಡಿಯುತ್ತಾ ನೋಡೋಣ."

ಅಂದು ಕುಡಿಯಲಿಲ್ಲ. ಪೊಕುವಾ ಹಿಂಡಿ ಕೊಟ್ಟ ಹಾಲನ್ನು ಮೂಗಿನ ನಳಿಗೆಯಲ್ಲಿ ಹಾಕಿದರು. ಎರಡನೆಯ ಸೂಜಿಗೂ ಡುಫಿಯವ್ವನೇ ಕಾಲು ಹಿಡಿದಳು, ಮೂರನೆಯದಕ್ಕೂ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೈ ತಣ್ಣಗಾಗಿತ್ತು. ಸಂಜೆ ಎದೆಗೆ ಹಿಡಿದರೆ ಬಾಯಿ ಹುಡುಕಿತು, ಹಿಡಿಯಿತು, ಚೀಪಿತು. ಆಮೇಲೆ ಸಾಲದೆಂದು ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿತು. ಅಡೊಮಾಕೊ ಕಿಟಕಿಯ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡ. ಇನ್ನೂ ಅಪಾಯ ಪೂರ್ತಿ ಕಳೆದಿಲ್ಲ ಎಂದರು, ಆದರೆ ಹಾಗೆ ಹೇಳುವಾಗ ಸಿಸ್ಟರ್ ನಗುತ್ತಿದ್ದಳು.

ಫೊಸುವಾ ನಗಲಿಲ್ಲ. ವರಾಂಡಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಡುಫಿಯವ್ವ ಹಿಂದೆಯೇ ಹೋಗಿ ಪಕ್ಕ ಕೂತಳು.

"ದೊಡ್ಡವ್ವ, ನನ್ನ ಮಗಂಗೂ ಕಣ್ಣು ಹಿಂಗೇ ಹಳದಿಯಾಗಿತ್ತು."

"ಹೂಂ."

"ಕೊನೆಗೆ ಅವನೂ ಅಳ್ತಿರ್ಲಿಲ್ಲ."

"ಹೂಂ."

"ಅವನಿಗೂ ಇದೇ ಆಗಿತ್ತಾ?"

ಗೊತ್ತಿಲ್ಲ ಎನ್ನಬಹುದಿತ್ತು. ಆ ರಕ್ತವನ್ನು ಯಾರೂ ನೋಡಿರಲಿಲ್ಲ, ಇನ್ನು ಯಾರೂ ನೋಡುವಂತೆಯೂ ಇರಲಿಲ್ಲ. ಆದರೆ ನೋಡುವ ಕೆಲಸ ಡುಫಿಯವ್ವನದು, ಅವಳು ನೋಡಿದ್ದಳು.

"ಇದೇ ಇರ್ಬೇಕು ಮಗಳೇ," ಎಂದಳು. "ನೀನು ಹೊರಟಿದ್ದೆ. ನಾನೇ ಬಿಡ್ಲಿಲ್ಲ."

ಹೆಸರಿಡುವ ಮೊದಲೇ ಹೋದ ಕೂಸಿಗೆ ಅಳುವ ಹಾಗಿಲ್ಲ. ನೆಂಟ ಬಂದ, ನೋಡಿದ, ಹೋದ, ಅಷ್ಟೇ. ಅವತ್ತು ಡುಫಿಯವ್ವನೇ ಫೊಸುವಾಳಿಗೆ ಬಿಳಿ ಬಟ್ಟೆ ಉಡಿಸಿ, ಕಡಲೆಕಾಯಿ ಸಾರಿನ ಬಟ್ಟಲು ಮುಂದಿಟ್ಟು, ಎಲ್ಲರೆದುರು ಉಣ್ಣಿಸಿದ್ದಳು. ಒಂದು ಹನಿ ಕಣ್ಣೀರು ಬಿದ್ದರೂ ಮುಂದಿನ ಕೂಸು ಬರುವುದಿಲ್ಲ ಎಂದಿದ್ದಳು. ಫೊಸುವಾ ಬಟ್ಟಲು ಖಾಲಿಯಾಗುವ ತನಕ ಉಂಡಿದ್ದಳು.

ಈಗ ಅವಳು ಬಾಯಿ ತೆರೆದು ಅತ್ತಳು. ಮೊದಲು ದನಿಯೇ ಬರಲಿಲ್ಲ. ಬಂದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರಿ ನೆಲಕ್ಕೆ ಬಂದು ಮಣ್ಣಿಗೆ ಕೈ ಬಡಿದುಕೊಂಡು ಅತ್ತಳು. ಡುಫಿಯವ್ವ ಅವಳ ಬೆನ್ನ ಮೇಲೆ ಕೈ ಇಡಲು ಹೋದಳು. ಫೊಸುವಾ ಆ ಕೈಯನ್ನು ತಳ್ಳಿದಳು.

ಊಟದ ಡಬ್ಬಿ ಹಿಡಿದು ಬರುತ್ತಿದ್ದ ಯಾರದೋ ಮನೆಯ ಹೆಂಗಸೊಬ್ಬಳು ಗಾಬರಿಯಿಂದ ನಿಂತಳು. "ಯಾರಮ್ಮ ಹೋಗಿದ್ದು?" ಎಂದು ಕೇಳಿದಳು.

"ಅವಳ ಮಗ," ಎಂದಳು ಡುಫಿಯವ್ವ.

"ಯಾವಾಗ?"

"ಹೋದ ಮಳೆಗಾಲದಲ್ಲಿ."

ಆ ಹೆಂಗಸು ಇಬ್ಬರನ್ನೂ ನೋಡಿದಳು, ಡಬ್ಬಿ ಕೆಳಗಿಟ್ಟು ಫೊಸುವಾಳ ಪಕ್ಕ ಮಣ್ಣಿನಲ್ಲಿ ಕೂತಳು. ಫೊಸುವಾ ಅವಳ ಹೆಗಲಿಗೆ ತಲೆ ಕೊಟ್ಟು ಅತ್ತಳು. ಡುಫಿಯವ್ವ ಮೆಟ್ಟಿಲ ಮೇಲೆಯೇ ಕೂತಿದ್ದಳು, ಎದ್ದು ಒಳಗೆ ಹೋಗಲಿಲ್ಲ.